ನೆಗೆಟಿವ್ ಬಂದ ದಿನವೇ ಬಹುಮಾನ ಕೈಗೆ ಸಿಗಲಿ: ಕೊಡಗು ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಹಾಗೂ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ನಿರ್ದೇಶಕರು,
ಮಡಿಕೇರಿ

ಮಾನ್ಯರೇ,

ರಾಜ್ಯದ ಮಾನಸಿಕ ಆರೋಗ್ಯ ಸೇವೆಯಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನ ಮಂಗಳವಾರ. ಹೆರಾಯಿನ್ ಸೇದಿದವರ ಮೂತ್ರದಲ್ಲಿ ಅದರ ಗುರುತು ಉಳಿಯುವುದು ಸಾಮಾನ್ಯವಾಗಿ ಎರಡು ಮೂರು ದಿನ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಬುಧವಾರ, ಗುರುವಾರ, ಶುಕ್ರವಾರ ಸೇದಿ, ಶನಿವಾರದಿಂದ ಹಲ್ಲು ಕಚ್ಚಿ ಕೂತವನ ಪರೀಕ್ಷೆ ಮಂಗಳವಾರ ನೆಗೆಟಿವ್ ಬರುತ್ತದೆ. ವೈದ್ಯರಿಗೆ ಎಲ್ಲ ಸರಿಯಿದೆ ಎನಿಸುತ್ತದೆ, ರೋಗಿಗೆ ಬಚಾವಾದೆ ಎನಿಸುತ್ತದೆ, ನಿಜ ಗೊತ್ತಿರುವುದು ಮನೆಯವರಿಗೆ ಮಾತ್ರ. ವಾರಕ್ಕೊಂದು ಭೇಟಿಯಲ್ಲಿ ಈ ಕಾಯಿಲೆ ಹಿಡಿತಕ್ಕೆ ಬರುವುದಿಲ್ಲ, ಕನಿಷ್ಠ ಮೂರು ದಿನ ಬೇಕು. ವಾರಕ್ಕೆ ಮೂರು ದಿನ ಪ್ರತಿ ತಾಲ್ಲೂಕಿಗೂ ಮನೋವೈದ್ಯರನ್ನು ಕಳಿಸಲು ಜಿಲ್ಲೆಗೆ ಆಗದು ಎಂಬುದು ನಮಗೂ ಗೊತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇವೆ.

ನಾವು ಕೇಳುತ್ತಿರುವುದು ಇಷ್ಟು: ಹೆರಾಯಿನ್, ಬ್ರೌನ್ ಶುಗರ್, ಟ್ರಮಡಾಲ್, ಟಪೆಂಟಡಾಲ್ ಮಾತ್ರೆಗಳಂಥ ಅಫೀಮು ವರ್ಗದ ಅಮಲಿಗೆ ಸಿಕ್ಕವರಿಗೆ ಮಡಿಕೇರಿಯಲ್ಲೂ ವಿರಾಜಪೇಟೆಯಲ್ಲೂ ತಲಾ 20 ಜನರಂತೆ 12 ವಾರಗಳ ಒಂದು ಪ್ರಾಯೋಗಿಕ ಚಿಕಿತ್ಸೆ ಶುರು ಮಾಡಿ. ಅದರಲ್ಲಿ ಮೂರು ಭಾಗಗಳಿರಲಿ. ಅಮಲಿನ ಬಯಕೆಯನ್ನೂ ಬಿಟ್ಟಾಗಿನ ಸಂಕಟವನ್ನೂ ತಗ್ಗಿಸುವ, ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ, ಕಂಪ್ಯೂಟರಿನಲ್ಲಿ ನಡೆಯುವ ವರ್ತನಾ ಚಿಕಿತ್ಸೆಯ ಪಾಠ, ಮೂತ್ರ ಪರೀಕ್ಷೆ ನೆಗೆಟಿವ್ ಬಂದಾಗಲೆಲ್ಲ ಒಂದು ಸಣ್ಣ ಬಹುಮಾನ. ಮೊದಲನೆಯದು ವೈದ್ಯರ ಕೈಯಲ್ಲಿದೆ, ಎರಡನೆಯದನ್ನು ತಂತ್ರಜ್ಞರು ಮಾಡಿಕೊಡಬಲ್ಲರು. ಮೂರನೆಯದನ್ನು ಉಳಿಸುವುದೂ ಕೊಲ್ಲುವುದೂ ಆಡಳಿತದ ಕೈಯಲ್ಲಿದೆ, ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇವೆ.

ಮದ್ಯದ ಸಮಸ್ಯೆ ಇದಕ್ಕಿಂತ ದೊಡ್ಡದಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದೊಡ್ಡದೇ, ಒಪ್ಪಿದೆವು. ಆದರೆ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರ 2019ರಲ್ಲಿ ಕೊಟ್ಟ ವರದಿಯ ಪ್ರಕಾರ ದೇಶದಲ್ಲಿ ಅಫೀಮು ವರ್ಗದ ಪದಾರ್ಥ ಬಳಸುವವರು ಸುಮಾರು 2.26 ಕೋಟಿ, ಅವರಲ್ಲಿ ನೆರವು ಬೇಕಿರುವವರು ಸುಮಾರು 77 ಲಕ್ಷ. ಅದೇ ವರದಿಯಲ್ಲಿ ಹೆರಾಯಿನ್ ಬಳಕೆ 1.14%, ನೋವಿನ ಮಾತ್ರೆಗಳ ದುರ್ಬಳಕೆ 0.96%. ಅಂದರೆ ಔಷಧ ಅಂಗಡಿಯ ಮಾತ್ರೆ ಹೆರಾಯಿನ್ನಿಗೆ ಹೆಚ್ಚು ಹಿಂದೆ ಉಳಿದಿಲ್ಲ. ಒಂದು ಕಡೆ ಕುಟ್ಟ, ಇನ್ನೊಂದು ಕಡೆ ಮಾಕುಟ್ಟ, ಎರಡು ಕಡೆಯಲ್ಲೂ ರಾಜ್ಯದ ಗಡಿಯಿರುವ ಜಿಲ್ಲೆ ನಮ್ಮದು. ಇದು ನಮಗೆ ಬಾರದು ಎಂದು ಕೂರುವಂತಿಲ್ಲ.

ಮೊದಲು ಮಾತ್ರೆಯ ವಿಷಯ ಮುಗಿಸಿಬಿಡೋಣ, ಏಕೆಂದರೆ ಇದಿಲ್ಲದೆ ಉಳಿದೆರಡಕ್ಕೂ ನೆಲೆಯಿಲ್ಲ. ಅಮೆರಿಕದಲ್ಲಿ ಅಫೀಮು ವ್ಯಸನಕ್ಕೆ ಕಂಪ್ಯೂಟರ್ ಚಿಕಿತ್ಸೆ ಫಲ ಕೊಟ್ಟಿತು ಎಂದು ತೋರಿಸಿದ, ಮುಂದೆ ಹೇಳಲಿರುವ ಎರಡು ಅಧ್ಯಯನಗಳಲ್ಲಿ ಎಲ್ಲ ರೋಗಿಗಳೂ ಬ್ಯುಪ್ರೆನಾರ್ಫಿನ್ ಮೇಲಿದ್ದವರು. ಮಾತ್ರೆಯಿಲ್ಲದೆ ಬರೀ ಆ್ಯಪ್ ಹಾಕಿಕೊಟ್ಟರೆ ಅದು ಚಿಕಿತ್ಸೆಯಾಗುವುದಿಲ್ಲ. ಮಾತ್ರೆ ಶುರು ಮಾಡುವಾಗ ಆಗುವ ತಪ್ಪು ಸಾಮಾನ್ಯವಾಗಿ ಒಂದೇ: ಆತುರ. ಹೆರಾಯಿನ್ ಕೊನೆಯ ಸಲ ಬಳಸಿ ಕನಿಷ್ಠ 12 ಗಂಟೆಯಾದರೂ ಕಳೆದಿರಬೇಕು. ಆಕಳಿಕೆ, ಮೂಗು ಸೋರುವುದು, ಕಣ್ಣಲ್ಲಿ ನೀರು, ಮೈ ನವಿರೇಳುವುದು, ಕಣ್ಣಪಾಪೆ ಹಿಗ್ಗುವುದು, ಹೊಟ್ಟೆ ನುಲಿತ, ಇವು ಶುರುವಾಗಿರಬೇಕು. ಈ ಲಕ್ಷಣಗಳಿಗೆ ಅಂಕ ಕೊಡುವ ಪಟ್ಟಿಯಿದೆ, ಎಣಿಸಿಯೇ ಕೊಡಬೇಕು. ಅದಕ್ಕೂ ಮುಂಚೆ ಕೊಟ್ಟರೆ, ಮೆದುಳಿನಲ್ಲಿ ಹೆರಾಯಿನ್ ಕೂತಿರುವ ಜಾಗದಿಂದ ಬ್ಯುಪ್ರೆನಾರ್ಫಿನ್ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಆದರೆ ಹೆರಾಯಿನ್ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನಷ್ಟೇ ಇದು ಮಾಡುತ್ತದೆ. ಫಲವಾಗಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ವಾಂತಿ, ಭೇದಿ, ಸಹಿಸಲಾಗದ ಮೈನೋವು. ಹೀಗೆ ಒಂದು ಸಲ ಅನುಭವಿಸಿದವನು ಆ ಆಸ್ಪತ್ರೆಯ ಕಡೆ ಮತ್ತೆ ತಲೆ ಹಾಕಲಾರ, ತನ್ನ ನಾಲ್ಕು ಜನ ಗೆಳೆಯರನ್ನೂ ಬರಲು ಬಿಡಲಾರ. ಮೊದಲ ದಿನ 2ರಿಂದ 4 ಮಿಲಿಗ್ರಾಂ, ಆಮೇಲೆ ನೋಡಿಕೊಂಡು ಏರಿಕೆ. ಅಫೀಮು ವರ್ಗದ ಪದಾರ್ಥಗಳ ಪರಿಣಾಮ ತಡೆಯುವ ನಲೋಕ್ಸೋನ್ ಬೆರೆಸಿದ ಮಾತ್ರೆಯನ್ನೇ ತರಿಸಿ. ನಾಲಿಗೆಯಡಿ ಇಟ್ಟರೆ ನಲೋಕ್ಸೋನ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಪುಡಿ ಮಾಡಿ ಚುಚ್ಚಿಕೊಂಡರೆ ಎದ್ದು ಕಾಟ ಕೊಡುತ್ತದೆ.

ಮಾತ್ರೆ ನಾಲಿಗೆಯಡಿ ಕರಗಲು 5ರಿಂದ 10 ನಿಮಿಷ ಬೇಕು. ಅಷ್ಟು ಹೊತ್ತು ಮಾತಾಡುವಂತಿಲ್ಲ, ನೀರು ಕುಡಿಯುವಂತಿಲ್ಲ, ನುಂಗುವಂತಿಲ್ಲ. ಕಂಪ್ಯೂಟರ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ರೋಗಿ ಬಂದ ಕೂಡಲೇ ಮೂತ್ರದ ಮಾದರಿ ಕೊಡಲಿ. ಮಾತ್ರೆ ಬಾಯಲ್ಲಿಟ್ಟುಕೊಂಡು ಹೆಡ್‌ಫೋನ್ ಹಾಕಿ ಪಾಠದ ವಿಡಿಯೊ ನೋಡಲಿ. ಬಾಯಿ ತೋರಿಸಿದ ಮೇಲೆ ಪಾಠದ ಪ್ರಶ್ನೆಗಳಿಗೆ ಉತ್ತರಿಸಲಿ. ಅಷ್ಟರಲ್ಲಿ ಪರೀಕ್ಷೆಯ ಫಲಿತಾಂಶ ಬಂದಿರುತ್ತದೆ. ಕೂಪನ್ ತೆಗೆದುಕೊಂಡು ಹೊರಡಲಿ. ಎಲ್ಲ ಸೇರಿ ಮುಕ್ಕಾಲು ಗಂಟೆ. ಇದಕ್ಕೆ ಬೇಕಾದವರು ಒಬ್ಬ ಶುಶ್ರೂಷಾಧಿಕಾರಿ, ಒಬ್ಬ ಲ್ಯಾಬ್ ತಂತ್ರಜ್ಞ. ಮಂಗಳವಾರ ಬರುವ ಮನೋವೈದ್ಯರು ಮಾತ್ರೆಯ ಪ್ರಮಾಣ ನೋಡಲಿ, ಆಪ್ತ ಸಮಾಲೋಚಕರು ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಎದುರಾಎದುರು ಕೂರಲಿ.

ಕಂಪ್ಯೂಟರ್ ನಿಜಕ್ಕೂ ಸಮಾಲೋಚಕರ ಜಾಗ ತುಂಬುತ್ತದೆಯೇ? ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ವಾರೆನ್ ಬಿಕಲ್ ಮತ್ತು ಲೀಸಾ ಮಾರ್ಷ್ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿತ್ತು. 135 ರೋಗಿಗಳು, 23 ವಾರ, ಎಲ್ಲರಿಗೂ ಬ್ಯುಪ್ರೆನಾರ್ಫಿನ್. ಒಂದು ಗುಂಪಿಗೆ ಚಿಕಿತ್ಸಕರೇ ವರ್ತನಾ ಚಿಕಿತ್ಸೆ ಕೊಟ್ಟರು, ಜೊತೆಗೆ ನೆಗೆಟಿವ್ ಪರೀಕ್ಷೆಗೆ ವೋಚರ್. ಎರಡನೆಯ ಗುಂಪಿಗೂ ವೋಚರ್ ಇತ್ತು, ಆದರೆ ಚಿಕಿತ್ಸೆಯ 80%ಕ್ಕಿಂತ ಹೆಚ್ಚು ಪಾಲನ್ನು ಕಂಪ್ಯೂಟರ್ ಕೊಟ್ಟಿತು. ಮೂರನೆಯ ಗುಂಪಿಗೆ ವಾಡಿಕೆಯ ಸಮಾಲೋಚನೆ ಮಾತ್ರ. ಸತತವಾಗಿ ಮಾದಕವಿಲ್ಲದೆ ಉಳಿದ ವಾರಗಳು ಸರಾಸರಿ ಕ್ರಮವಾಗಿ 7.98, 7.78, 4.69. ಮೊದಲೆರಡರ ನಡುವಿನ ಅಂತರ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಸಮಾಲೋಚಕರ ಹೊತ್ತು ಸಿಗದ ನಮ್ಮಂಥ ಜಿಲ್ಲೆಗೆ ಇದಕ್ಕಿಂತ ಬೆಲೆಬಾಳುವ ಅಂಕಿ ಬೇರೊಂದು ಕಾಣದು.

ಆಮೇಲೆ ಅರ್ಕಾನ್ಸಾಸ್‌ನಲ್ಲಿ 170 ಜನರ ಮೇಲೆ 12 ವಾರ ನಡೆದ ಅಧ್ಯಯನ 2014ರಲ್ಲಿ ಬಂತು. ಅಲ್ಲಿ ಎಲ್ಲರಿಗೂ ಮಾತ್ರೆ, ಎಲ್ಲರಿಗೂ ಬಹುಮಾನ. ಒಂದು ಗುಂಪಿಗೆ ಮಾತ್ರ ಇಂಟರ್‌ನೆಟ್ ಪಾಠ. ಪಾಠ ಇದ್ದವರು ಸರಾಸರಿ 9.7 ದಿನ ಹೆಚ್ಚು ಮಾದಕವಿಲ್ಲದೆ ಇದ್ದರು, ಚಿಕಿತ್ಸೆ ಬಿಟ್ಟುಹೋಗುವ ಸಂಭವ ಅವರಲ್ಲಿ ಇನ್ನೊಂದು ಗುಂಪಿನ ಅರ್ಧಕ್ಕಿಂತ ತುಸು ಕಡಿಮೆಯಾಯಿತು. ಈ ಪಾಠಗಳನ್ನೇ ಮೊಬೈಲ್‌ಗೆ ಇಳಿಸಿದ ಆ್ಯಪ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇಲ್ಲಿ ನೇರವಾಗಿ ಹೇಳಬೇಕಾದ ಮಾತೊಂದಿದೆ. ಚಿಕಿತ್ಸೆಯಲ್ಲಿ ಉಳಿದವರು ಆ್ಯಪ್ ಇದ್ದವರಲ್ಲಿ 82.4%, ಆ್ಯಪ್ ಇಲ್ಲದವರಲ್ಲಿ 68.4% ಎಂಬುದು ಎಫ್‌ಡಿಎ ಮುಂದಿಟ್ಟ ಅಂಕಿ. ಮಾದಕದ ಬಳಕೆಯೇ ಇಳಿಯುತ್ತದೆ ಎಂದು ಅದು ಹೇಳಲಿಲ್ಲ. ಹಾಗಾಗಿ ಪಾಠದಿಂದ ನಾವು ನಿರೀಕ್ಷಿಸಬೇಕಾದದ್ದು ರೋಗಿ ಬಾಗಿಲಿಗೆ ಬರುತ್ತಲೇ ಇರುವುದನ್ನು. ಅದು ಸಣ್ಣದೆಂದು ತಿಳಿಯಬೇಡಿ. ಚಿಕಿತ್ಸೆ ಬಿಟ್ಟವನ ಮೈ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ.

ಪಾಠದಲ್ಲಿ ಏನಿರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇವೆ. 'ಬೇಡ ಎನ್ನುವುದು ಹೇಗೆ' ಎಂಬ ಪಾಠ. ತೆರೆಯ ಮೇಲೆ ಶನಿವಾರ ಸಂಜೆ, ಬಟವಾಡೆ ಆಗಿದೆ, ತೋಟದ ಕಾರ್ಮಿಕರ ಲೈನ್ ಮನೆಯ ದಾರಿಯ ತಿರುವಿನಲ್ಲಿ ಹಳೆಯ ಗೆಳೆಯ ಕಾಯುತ್ತಿದ್ದಾನೆ. 'ಏನೋ, ದೊಡ್ಡ ಮನುಷ್ಯ ಆಗಿಬಿಟ್ಟೆಯಾ? ಒಂದೇ ಒಂದು ಸಲ, ದುಡ್ಡು ನಾನು ಕೊಡ್ತೀನಿ' ಎನ್ನುತ್ತಾನೆ. ವಿಡಿಯೊದಲ್ಲಿ ಇದಕ್ಕೆ ಎರಡು ಥರದ ಉತ್ತರ ತೋರಿಸುತ್ತಾರೆ. ಮೊದಲನೆಯವನು 'ಇವತ್ತು ಮೈ ಹುಷಾರಿಲ್ಲ' ಎನ್ನುತ್ತಾನೆ. ಗೆಳೆಯ 'ಹಾಗಾದರೆ ನಾಳೆ' ಎನ್ನುತ್ತಾನೆ, ಬಾಗಿಲು ತೆರೆದೇ ಉಳಿಯಿತು. ಎರಡನೆಯವನು ಕಣ್ಣಲ್ಲಿ ಕಣ್ಣಿಟ್ಟು 'ಇಲ್ಲ, ಬಿಟ್ಟಿದ್ದೀನಿ, ಮತ್ತೆ ಕೇಳಬೇಡ' ಎಂದು ನಡೆಯುತ್ತಲೇ ಮಾತು ಬದಲಿಸುತ್ತಾನೆ. ಆಮೇಲೆ ಪ್ರಶ್ನೆಗಳು. ಸರಿಯುತ್ತರ ಗೊತ್ತಿದ್ದರೆ ಸಾಲದು, ಬೇಗ ಬರಬೇಕು. ತಪ್ಪಿದರೆ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಮತ್ತೆ ಬರುತ್ತದೆ, ನಿಗದಿತ ವೇಗ ಬರುವವರೆಗೆ ಪಾಠ ಮುಂದಕ್ಕೆ ಹೋಗುವುದಿಲ್ಲ. ತಿರುವಿನಲ್ಲಿ ಗೆಳೆಯ ಕೇಳಿದಾಗ ಯೋಚಿಸಲು ಸಮಯ ಸಿಗುವುದಿಲ್ಲವಲ್ಲ, ನಾಲಿಗೆ ತಾನಾಗಿ ತಿರುಗಬೇಕು. ಬರೀ ಓದಿಸಿ 'ಮುಂದೆ' ಬಟನ್ ಒತ್ತಿಸುವ ಸ್ಲೈಡುಗಳನ್ನು ಯಾರಾದರೂ ಕಂಪ್ಯೂಟರ್ ಚಿಕಿತ್ಸೆ ಎಂದು ನಿಮಗೆ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಇದರ ಹಿಂದಿನ ವಿಧಾನ 1973ರಷ್ಟು ಹಳೆಯದು. ಹಂಟ್ ಮತ್ತು ಅಜ್ರಿನ್ ಎಂಬ ಇಬ್ಬರು ಮದ್ಯವ್ಯಸನಿಗಳಿಗಾಗಿ ರೂಪಿಸಿದ ಇದರ ತಿರುಳು, ಅಮಲಿಲ್ಲದ ದಿನ ಅಮಲಿನ ದಿನಕ್ಕಿಂತ ಹೆಚ್ಚು ಸುಖ ಕೊಡುವಂತೆ ಬದುಕನ್ನು ಜೋಡಿಸುವುದು: ಕೆಲಸ, ಸಂಸಾರದ ಮಾತುಕತೆ, ಸಂಜೆಯ ಆಟ, ಹೊಸ ಸ್ನೇಹ. ಇದರ ಜೊತೆ ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಪಾಠಗಳು ಇರಲೇಬೇಕು, ಟಪೆಂಟಡಾಲ್ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುವವರೂ ಇದ್ದಾರೆ. ಭಾಷೆಯ ವಿಷಯದಲ್ಲಿ ನಮ್ಮ ಸಲಹೆ: ಮೊದಲು ಕನ್ನಡ, ಮಲಯಾಳಂ, ಹಿಂದಿ, ಓದುಬರಹ ಬಾರದವರಿಗಾಗಿ ಎಲ್ಲವೂ ದನಿಯಲ್ಲಿ, ಉತ್ತರ ಚಿತ್ರ ಮುಟ್ಟಿ ಕೊಡುವಂತೆ. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಗಳಲ್ಲಿ ದನಿ ಸೇರಿಸುವುದು ಆಮೇಲಿನ ಕೆಲಸ, ಆದರೆ ಆಗಬೇಕಾದ ಕೆಲಸ.

ಇನ್ನು ಬಹುಮಾನ. 'ಕುಡಿಯದಿರಲು, ಸೇದದಿರಲು ಸರ್ಕಾರ ಲಂಚ ಕೊಡಬೇಕೇ?' ಈ ಪ್ರಶ್ನೆ ಬಂದೇ ಬರುತ್ತದೆ. ಲಂಚ ಎಂದರೆ ಮಾಡಬಾರದ್ದನ್ನು ಮಾಡಿಸಲು ಕೊಡುವುದು. ಕ್ಷಯರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂ. ಕೊಡುತ್ತಿದ್ದೆವು, 2024ರ ನವೆಂಬರ್‌ನಿಂದ 1,000 ಕೊಡುತ್ತಿದ್ದೇವೆ. ಆಸ್ಪತ್ರೆಯಲ್ಲಿ ಹೆರಿಗೆ ಆಗಲೆಂದು 2005ರಿಂದ ಜನನಿ ಸುರಕ್ಷಾದಲ್ಲಿ ಹಣ ಕೊಡುತ್ತಿದ್ದೇವೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2007ರಲ್ಲೇ ಮಾದಕ ಚಿಕಿತ್ಸೆಯಲ್ಲಿ ವೋಚರ್ ಕೊಡಿ ಎಂದಿತು, ಸುಮಾರು 2 ಪೌಂಡಿನಿಂದ ಶುರು ಮಾಡಿ ಏರಿಸಿ ಎಂದೂ ಹೇಳಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 2011ರಿಂದ ಈ ವಿಧಾನ ಬಳಸುತ್ತಿವೆ.

ಇದು ಏಕೆ ನಾಟುತ್ತದೆ ಎಂದರೆ, ಅಮಲಿಗೆ ಬಿದ್ದ ಮನಸ್ಸಿನಲ್ಲಿ ನಾಳೆಯ ಬೆಲೆ ತೀರಾ ಕುಸಿದಿರುತ್ತದೆ. ಬಿಟ್ಟರೆ ಮುಂದಿನ ವರ್ಷ ಮಗಳ ಮದುವೆಗೆ ದುಡ್ಡು ಉಳಿಯುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಅದು ಮುಂದಿನ ವರ್ಷದ್ದು. ಅಮಲಿನ ಮಾತ್ರೆ ನುಂಗಿದರೆ ಸುಖ ಇನ್ನು ಅರ್ಧ ಗಂಟೆಯಲ್ಲಿ. ಈ ಎರಡು ತೂಕದ ನಡುವೆ ತಕ್ಕಡಿ ಯಾವಾಗಲೂ ಒಂದೇ ಕಡೆ ವಾಲುತ್ತದೆ. ಇನ್ನೊಂದು ತಟ್ಟೆಗೆ ಏನಾದರೂ ಹಾಕುವುದಿದ್ದರೆ ಅದು ಇವತ್ತೇ, ಈಗಲೇ ಸಿಗುವಂಥದ್ದಾಗಿರಬೇಕು. ವರ್ಮಾಂಟ್‌ನ ಸ್ಟೀಫನ್ ಹಿಗಿನ್ಸ್ 1990ರ ದಶಕದ ಆರಂಭದಲ್ಲಿ ಕೊಕೇನ್ ರೋಗಿಗಳಿಗಾಗಿ ಹಾಕಿದ ಲೆಕ್ಕ ಇವತ್ತಿಗೂ ಮಾದರಿ: ಮೊದಲ ನೆಗೆಟಿವ್‌ಗೆ 2.50 ಡಾಲರ್, ಪ್ರತಿ ಮುಂದಿನದಕ್ಕೆ 1.25 ಏರಿಕೆ, ಸತತ ಮೂರಕ್ಕೆ 10 ಡಾಲರ್ ಹೆಚ್ಚುವರಿ, ಪಾಸಿಟಿವ್ ಬಂದರೆ ಮತ್ತೆ 2.50ಕ್ಕೆ ಇಳಿತ, ಆಮೇಲೆ ಸತತ ಐದು ನೆಗೆಟಿವ್ ಬಂದರೆ ಮೊದಲು ತಲುಪಿದ್ದ ಮಟ್ಟಕ್ಕೆ ವಾಪಸು.

ಕೊಡಗಿಗೆ ನಾವು ಹಾಕಿರುವ ಲೆಕ್ಕ ಹೀಗಿದೆ. ವಾರಕ್ಕೆ ಮೂರು ಪರೀಕ್ಷೆ, 12 ವಾರಕ್ಕೆ 36. ಮೊದಲ ನೆಗೆಟಿವ್‌ಗೆ 25 ರೂ., ಪ್ರತಿ ಸಲ 5 ರೂ. ಏರಿಕೆ, ಸತತ ಮೂರು ಬಂದಾಗಲೆಲ್ಲ 50 ರೂ. ಹೆಚ್ಚುವರಿ. ಮೊದಲ ವಾರ ಒಂದೂ ತಪ್ಪದವನಿಗೆ 140 ರೂ. ಸಿಗುತ್ತದೆ, ಕೊನೆಯ ವಾರ 635. ಮೂವತ್ತಾರಕ್ಕೆ ಮೂವತ್ತಾರೂ ನೆಗೆಟಿವ್ ಬಂದರೆ ಒಟ್ಟು 4,650 ರೂ. ಇಪ್ಪತ್ತು ಜನಕ್ಕೆ ಗರಿಷ್ಠ 93,000, ಎರಡು ಕೇಂದ್ರಕ್ಕೆ 1,86,000. ಎಲ್ಲರೂ ಗರಿಷ್ಠ ಮುಟ್ಟುವುದಿಲ್ಲ, ಆದ್ದರಿಂದ ಖರ್ಚು ಇದಕ್ಕಿಂತ ಕಡಿಮೆಯೇ. ಪರೀಕ್ಷೆಯ ಕಿಟ್‌ಗಳ ಖರ್ಚು ಬೇರೆ. ಏರುವ ಲೆಕ್ಕ ಬೇಡ, ಎಲ್ಲ ಸಲವೂ 100 ರೂ. ಕೊಟ್ಟರಾಯಿತು ಎಂದು ಲೆಕ್ಕ ವಿಭಾಗ ಸುಲಭದ ದಾರಿ ಸೂಚಿಸಬಹುದು. ಒಪ್ಪಬೇಡಿ. ಒಂದೇ ದರವಾದರೆ ನಡುವೆ ಒಂದು ಸಲ ಜಾರಿದರೆ ಕಳೆದುಕೊಳ್ಳುವುದು ಆ ಒಂದು ದಿನದ ನೂರು ರೂಪಾಯಿ ಮಾತ್ರ. ಏರುತ್ತ ಹೋದರೆ ಕಳೆದುಕೊಳ್ಳುವುದು ಇಷ್ಟು ವಾರ ಕಟ್ಟಿಕೊಂಡ ಮೆಟ್ಟಿಲನ್ನು, ಜಾರುವ ಮುಂಚೆ ಅದು ನೆನಪಾಗುತ್ತದೆ.

ಬಹುಮಾನ ನಗದಾಗಿ ಬೇಡ, ಸಹಕಾರ ಸಂಘದ ಮಳಿಗೆಯಲ್ಲಿ ನಡೆಯುವ ಕೂಪನ್ ಆಗಲಿ. ಅಕ್ಕಿ, ಎಣ್ಣೆ, ಮಳೆ ಕೋಟು, ಗಮ್‌ಬೂಟು, ಮಕ್ಕಳ ಪುಸ್ತಕ, ಮೊಬೈಲ್ ರೀಚಾರ್ಜ್. ಬೀಡಿ ಸಿಗರೇಟು ಮಾತ್ರ ಇಲ್ಲ. ಅಮೆರಿಕದ ನ್ಯಾನ್ಸಿ ಪೆಟ್ರಿ ಅಗ್ಗದ ಇನ್ನೊಂದು ದಾರಿ ತೋರಿಸಿದ್ದರು: 500 ಚೀಟಿಗಳ ಬೋಗುಣಿ, ಅರ್ಧದಷ್ಟು ಚೀಟಿಯಲ್ಲಿ ಬರೀ 'ಭೇಷ್', 209ರಲ್ಲಿ ಸಣ್ಣ ಬಹುಮಾನ, 40ರಲ್ಲಿ ದೊಡ್ಡದು, ಒಂದೇ ಒಂದರಲ್ಲಿ ಭಾರಿ ಬಹುಮಾನ. ಖರ್ಚು ಕಡಿಮೆ, ಫಲವೂ ಇದೆ. ಆದರೂ ನಮ್ಮಲ್ಲಿ ಬೇಡ ಎಂಬುದು ನಮ್ಮ ಅಭಿಪ್ರಾಯ. ಕರ್ನಾಟಕ 2007ರಲ್ಲೇ ಲಾಟರಿ ನಿಷೇಧಿಸಿತು, ಗಡಿ ದಾಟಿದರೆ ಕೇರಳದ ಲಾಟರಿ ಟಿಕೆಟ್ ಸಿಗುತ್ತದೆ. ಒಂದು ಚಟ ಬಿಡಿಸುವ ಕೋಣೆಯಲ್ಲಿ ಇನ್ನೊಂದರ ನೆನಪು ತರುವ ಚೀಟಿ ಎತ್ತಿಸುವುದು ನಮಗೆ ಸರಿ ಕಾಣುವುದಿಲ್ಲ.

ಈಗ ಮುಖ್ಯ ಕೋರಿಕೆ. ಬಹುಮಾನದ ಹಣ ಸರ್ಕಾರದ ಹಣ ಪಾವತಿ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ ಆಗಿ, ಫಲಾನುಭವಿಯ ಖಾತೆಗೆ ತಿಂಗಳಾಂತ್ಯಕ್ಕೆ ಜಮೆಯಾಗುವ ವ್ಯವಸ್ಥೆ ಮಾಡಿದರೆ ಇಡೀ ಯೋಜನೆ ಅಲ್ಲಿಗೇ ಮುಗಿಯಿತು. ಸೋಮವಾರದ ನೆಗೆಟಿವ್‌ಗೂ ಇಪ್ಪತ್ತಾರು ದಿನದ ನಂತರ ಬರುವ ಮೆಸೇಜಿಗೂ ರೋಗಿಯ ಮನಸ್ಸಿನಲ್ಲಿ ನಂಟೇ ಉಳಿದಿರುವುದಿಲ್ಲ. ಆ ಮೆಸೇಜು ಬಂದ ದಿನ ಆತ ಅಮಲಿನಲ್ಲೇ ಇದ್ದಿರಬಹುದು. ಆಗ ನಾವು ಬಹುಮಾನ ಕೊಟ್ಟದ್ದು ಯಾವುದಕ್ಕೆ? ಆದ್ದರಿಂದ ಪ್ರತಿ ಕೇಂದ್ರಕ್ಕೂ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮೂಲಕ 25,000 ರೂ. ಮುಂಗಡ ಇಡಲು ಆದೇಶ ಕೊಡಿ. ಅತಿ ಹೆಚ್ಚು ಖರ್ಚು ಬರುವ ಕೊನೆಯ ಎರಡು ವಾರಕ್ಕೂ 20 ಜನರಿಗೆ 24,500 ಸಾಕು. ಕ್ರಮಸಂಖ್ಯೆ ಹಾಕಿದ ಕೂಪನ್ ಪುಸ್ತಕ, ಎರಡು ಸಹಿ, ಎರಡು ವಾರಕ್ಕೊಮ್ಮೆ ಲೆಕ್ಕ ಒಪ್ಪಿಸಿ ಮುಂಗಡ ಮತ್ತೆ ತುಂಬಿಸುವುದು. ಲೆಕ್ಕಪರಿಶೋಧಕರಿಗೆ ಬೇಕಾದ ಎಲ್ಲ ದಾಖಲೆಯೂ ಇದರಲ್ಲಿರುತ್ತದೆ, ರೋಗಿಗೆ ಮಾತ್ರ ಕಾಯುವ ಪಾಡಿಲ್ಲ. ಆಧಾರ್ ಕೇಳಬೇಡಿ, ಬ್ಯಾಂಕ್ ಪಾಸ್‌ಬುಕ್ ಕೇಳಬೇಡಿ.

ಕೆಡುವುದು ಇನ್ನೂ ಎರಡು ಕಡೆ. ಒಂದು, ಕನಿಕರ. ಹದಿನೈದು ಸಲ ನೆಗೆಟಿವ್ ತಂದವನು ಹದಿನಾರನೆಯ ಸಲ ಅಳುತ್ತ ನಿಂತಾಗ 'ಪಾಪ, ಇದೊಂದು ಸಲ' ಎಂದು ಕೂಪನ್ ಕೊಟ್ಟುಬಿಡುವುದು. ಇನ್ನೊಂದು, ಬೈಗುಳ. ಸೋಮವಾರ ಪಾಸಿಟಿವ್ ಬಂದವನನ್ನು ಎಲ್ಲರ ಮುಂದೆ ಗದರಿಸಿದರೆ ಬುಧವಾರ ಆತ ಬರುವುದಿಲ್ಲ. ಹೇಳಬೇಕಾದ ಮಾತು ಇಷ್ಟೇ: 'ಇವತ್ತು ಪಾಸಿಟಿವ್ ಬಂದಿದೆ, ಕೂಪನ್ ಇಲ್ಲ. ಬುಧವಾರ ಬನ್ನಿ, ಇಪ್ಪತ್ತೈದರಿಂದ ಶುರು. ಐದು ಸಲ ಸತತ ಬಂದರೆ ಮೊದಲಿನ ಮಟ್ಟಕ್ಕೇ ಹೋಗ್ತೀರಿ.' ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ತಡೆಹಿಡಿಯಬಾರದು. ಕೂಪನ್ ಬಹುಮಾನ, ಬ್ಯುಪ್ರೆನಾರ್ಫಿನ್ ಔಷಧ. ಸಕ್ಕರೆ ಏರಿತೆಂದು ಮಧುಮೇಹಿಗೆ ಇನ್ಸುಲಿನ್ ನಿಲ್ಲಿಸುತ್ತೇವೆಯೇ?

ಗೈರುಹಾಜರಿಯನ್ನು ಪಾಸಿಟಿವ್ ಎಂದೇ ಎಣಿಸುವುದು ನಿಯಮ, ಇಲ್ಲದಿದ್ದರೆ ಬಳಸಿದ ದಿನ ಯಾರೂ ಬರುವುದಿಲ್ಲ. ಆದರೆ ಈ ನಿಯಮವನ್ನು ಮಲೆನಾಡಿಗೆ ಹಾಗೇ ತರುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮಾಯವಾದ ಜಿಲ್ಲೆಯಿದು, ಬಸ್ ಬಾರದ್ದಕ್ಕೆ ರೋಗಿಯನ್ನು ಇಪ್ಪತ್ತೈದಕ್ಕೆ ಇಳಿಸುವುದು ಅನ್ಯಾಯ. ನಮ್ಮ ಸಲಹೆ ಸರಳವಾದದ್ದು. ಮಳೆಗಾಗಿ ನೀವು ಶಾಲೆಗಳಿಗೆ ರಜೆ ಘೋಷಿಸಿದ ದಿನ ಪರೀಕ್ಷೆಗೂ ರಜೆ. ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ನಿಮ್ಮ ಆದೇಶವೇ ದಾಖಲೆಯಾಗುತ್ತದೆ, ವಾದಕ್ಕೆ ಎಡೆಯಿರುವುದಿಲ್ಲ. ಮೊದಲ ತಂಡವನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಶುರು ಮಾಡಿದರೆ ಒಳ್ಳೆಯದು. ಕೊಯ್ಲಿನ ದಿನಗಳಲ್ಲಿ ಅರ್ಧ ದಿನದ ಕೂಲಿ ಬಿಟ್ಟು 25 ರೂಪಾಯಿಗೆ ಯಾರು ಬರುತ್ತಾರೆ? ಕೇಂದ್ರ ಬೆಳಿಗ್ಗೆ 7ಕ್ಕೇ ತೆರೆಯಬೇಕು ಎಂಬುದಕ್ಕೂ ಕಾರಣ ಇದೇ. ದಿನಗಳು ಸೋಮ, ಬುಧ, ಶುಕ್ರ. ಮಡಿಕೇರಿಯಲ್ಲಿ ಶುಕ್ರವಾರ ಹೇಗೂ ಸಂತೆಗೆ ಜನ ಬರುತ್ತಾರೆ, ಯಾರು ಏಕೆ ಬಂದರೆಂದು ಯಾರೂ ಕೇಳುವುದಿಲ್ಲ.

ಮೂತ್ರ ಪರೀಕ್ಷೆಯ ಪಟ್ಟಿಯನ್ನು ಓದುವುದರಲ್ಲೇ ಎಡವುವವರಿದ್ದಾರೆ. ಗರ್ಭ ಪರೀಕ್ಷೆಯಲ್ಲಿ ಎರಡು ಗೆರೆ ಬಂದರೆ ಪಾಸಿಟಿವ್. ಇಲ್ಲಿ ತಿರುಗುಮುರುಗು: ಎರಡು ಗೆರೆ ಬಂದರೆ ನೆಗೆಟಿವ್, ಪರೀಕ್ಷೆಯ ಗೆರೆ ಮಾಯವಾದರೆ ಪಾಸಿಟಿವ್. ಮಸುಕು ಗೆರೆಯೂ ಗೆರೆಯೇ, ನೆಗೆಟಿವ್ ಎಂದೇ ಓದಬೇಕು. ಐದು ನಿಮಿಷಕ್ಕೆ ನೋಡಬೇಕು, ಕಿಟ್‌ನ ಮೇಲೆ ಬರೆದ ಹೊತ್ತು ದಾಟಿದ ಮೇಲೆ ನೋಡಿದ್ದು ಲೆಕ್ಕಕ್ಕಿಲ್ಲ. ಮಾದರಿ ಕೊಟ್ಟ ನಾಲ್ಕು ನಿಮಿಷದೊಳಗೆ ಬಟ್ಟಲಿನ ಮೇಲಿನ ತಾಪಮಾನ ಪಟ್ಟಿ 32ರಿಂದ 38 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ತಣ್ಣಗಿದ್ದರೆ ಅದು ಜೇಬಿನಲ್ಲಿ ತಂದ ಬೇರೆಯವರ ಮೂತ್ರವಿರಬಹುದು. ಪಟ್ಟಿಗಳ ಪೊಟ್ಟಣವನ್ನು ಬಳಸುವ ಕ್ಷಣದವರೆಗೆ ಒಡೆಯಬಾರದು, ಮಡಿಕೇರಿಯ ಜುಲೈ ತೇವಕ್ಕೆ ತೆರೆದಿಟ್ಟ ಪಟ್ಟಿ ಕೆಟ್ಟುಹೋಗುತ್ತದೆ.

ಕೊಳ್ಳುವಾಗ ಇನ್ನೂ ದೊಡ್ಡ ತಪ್ಪಾಗುತ್ತದೆ. 'ಓಪಿಯೇಟ್' ಎಂದು ಬರೆದ ಸಾಮಾನ್ಯ ಪಟ್ಟಿ ಹಿಡಿಯುವುದು ಮಾರ್ಫಿನ್, ಕೊಡೀನ್, ಹೆರಾಯಿನ್ ಗುರುತನ್ನು. ಟ್ರಮಡಾಲ್ ಅದಕ್ಕೆ ಕಾಣುವುದಿಲ್ಲ, ಟಪೆಂಟಡಾಲ್ ಕಾಣುವುದಿಲ್ಲ, ನಾವೇ ಕೊಡುವ ಬ್ಯುಪ್ರೆನಾರ್ಫಿನ್ ಕೂಡ ಕಾಣುವುದಿಲ್ಲ. ಟ್ರಮಡಾಲ್, ಟಪೆಂಟಡಾಲ್ ಮಾತ್ರೆ ನುಂಗುವವನಿಗೆ ಈ ಪಟ್ಟಿಯೊಂದನ್ನೇ ಇಟ್ಟುಕೊಂಡು ಪರೀಕ್ಷಿಸಿದರೆ 12 ವಾರವೂ ನೆಗೆಟಿವ್ ಬಂದು 4,650 ರೂಪಾಯಿ ಎಣಿಸಿಕೊಂಡು ಹೋಗುತ್ತಾನೆ. ಪ್ರತಿಯೊಂದಕ್ಕೂ ಬೇರೆ ಪಟ್ಟಿ ಬೇಕು. ಬ್ಯುಪ್ರೆನಾರ್ಫಿನ್ ಪಟ್ಟಿ ಪಾಸಿಟಿವ್ ಬರಬೇಕು. ಬಾರದಿದ್ದರೆ ಮಾತ್ರೆ ಬಾಯಿಂದ ಜೇಬಿಗೆ ಹೋಗಿದೆ ಎಂದರ್ಥ.

ಗಸಗಸೆಯನ್ನೂ ಮರೆಯುವಂತಿಲ್ಲ. ಅದು ಅಫೀಮಿನ ಗಿಡದ್ದೇ ಬೀಜ. ಹಬ್ಬಕ್ಕೋ ಮದುವೆಗೋ ಎರಡು ಲೋಟ ಗಸಗಸೆ ಪಾಯಸ ಕುಡಿದವನ ಮೂತ್ರದಲ್ಲಿ ಮಾರ್ಫಿನ್ ಗುರುತು ಬರಬಲ್ಲದು. ಮಿಲಿಲೀಟರಿಗೆ 300 ನ್ಯಾನೋಗ್ರಾಂ ಮಿತಿಯ ಪಟ್ಟಿಯಲ್ಲಿ ಈ ತೊಂದರೆ ಹೆಚ್ಚು, 2,000 ಮಿತಿಯದರಲ್ಲಿ ಕಡಿಮೆ. ಮೊದಲ ದಿನವೇ ರೋಗಿಗೂ ಮನೆಯವರಿಗೂ ಹೇಳಿಬಿಡಿ: ಹನ್ನೆರಡು ವಾರ ಗಸಗಸೆ ಬೇಡ, ಕೊಡೀನ್ ಇರುವ ಕೆಮ್ಮಿನ ಸಿರಪ್ ಬೇಡ. ಬೆವರು ಸುರಿಸಿ ಬಿಟ್ಟವನು ಪಾಯಸಕ್ಕಾಗಿ ಕೂಪನ್ ಕಳೆದುಕೊಂಡರೆ ಆತನಿಗೆ ನಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಗುಟ್ಟು ಉಳಿಯದಿದ್ದರೆ ಯಾರೂ ಬರುವುದಿಲ್ಲ. ಫಲಿತಾಂಶ ತೋಟದ ರೈಟರಿಗೆ, ಸಾಹುಕಾರರಿಗೆ, ಠಾಣೆಗೆ ಹೋಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಮಾದಕ ಪದಾರ್ಥಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಬಳಕೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹಿಂಪಡೆಯಬಹುದು. ಈ ಕಲಂ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆ ಸೇರಿ ಒಂದು ಪುಟದ ಕನ್ನಡ ಸುತ್ತೋಲೆ ಹೊರಡಿಸಿ ಠಾಣೆಗಳಲ್ಲಿ ಅಂಟಿಸಿ. ಲೈನ್ ಮನೆಯಲ್ಲಿ ಒಂದು ಫೋನನ್ನು ನಾಲ್ಕು ಜನ ಬಳಸುತ್ತಾರೆ, ಆದ್ದರಿಂದ ಆ್ಯಪ್‌ನ ಹೆಸರಲ್ಲೂ ಮೆಸೇಜಿನಲ್ಲೂ 'ವ್ಯಸನ', 'ಮಾದಕ' ಎಂಬ ಪದ ಬೇಡ. ಕೇಂದ್ರದ ಟ್ಯಾಬ್‌ಗಳಲ್ಲಿ ಹೆಸರಿನ ಬದಲು ಸಂಖ್ಯೆ. ಪಾಠಗಳು ಇಂಟರ್‌ನೆಟ್ ಇಲ್ಲದೆಯೂ ಓಡಬೇಕು, ನೆಟ್‌ವರ್ಕ್ ಬಂದಾಗ ದಾಖಲೆ ಕಳಿಸಬೇಕು. ಕರೆಂಟ್ ಹೋದ ದಿನಕ್ಕೆ ಒಂದು ಯುಪಿಎಸ್ ಸಾಕು.

ಎಫ್‌ಡಿಎ ಒಪ್ಪಿಗೆ ಪಡೆದ ಆ ಆ್ಯಪ್‌ನ ಕಂಪನಿ ಪೇರ್ ಥೆರಪ್ಯೂಟಿಕ್ಸ್ 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ವರ್ಷವರ್ಷ ಬಾಡಿಗೆ ಕಟ್ಟುವ ಪರವಾನಗಿ ತೆಗೆದುಕೊಂಡರೆ ನಮಗೂ ಹೀಗಾಗಬಹುದು. ಪಾಠದ ವಿಡಿಯೊ, ಪ್ರಶ್ನೆ, ದತ್ತಾಂಶ ಎಲ್ಲವೂ ವೈದ್ಯಕೀಯ ಸಂಸ್ಥೆಯ ಒಡೆತನದಲ್ಲಿರಲಿ. ಪಾಠ ಬರೆಯಲು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ನೆರವು ಕೇಳಿ.

ಹನ್ನೆರಡು ವಾರ ಮುಗಿದು ಕೂಪನ್ ನಿಂತಾಗ ಹಲವರು ಜಾರುತ್ತಾರೆ, ಇದನ್ನು ಮುಚ್ಚಿಡುವುದಿಲ್ಲ. ಮಾತ್ರೆಯನ್ನು ಅದರ ಜೊತೆಗೇ ನಿಲ್ಲಿಸಬೇಡಿ. ಪರೀಕ್ಷೆಯನ್ನು ವಾರಕ್ಕೊಂದಕ್ಕೆ ಇಳಿಸಿ ಮುಂದುವರಿಸಿ, ಕೂಪನ್ ಜಾಗಕ್ಕೆ ಊರಿನ ಸಾಮಾನ್ಯ ಸುಖಗಳು ಬರುವಂತೆ ದಾರಿ ಮಾಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿ ಉತ್ಸವ ಒಂದು ಸಮುದಾಯದ ಎಳೆಯರಿಗೆ ವರ್ಷವಿಡೀ ಕಾಯುವಂಥದ್ದೇನನ್ನೋ ಕೊಟ್ಟಿತು. ಲೈನ್ ಮನೆಯ, ಹಾಡಿಯ ಹುಡುಗರಿಗೆ ಸಂಜೆ ಐದರ ಮೇಲೆ ಹೋಗಲು ಏನಿದೆ? ಒಂದು ಸಮತಟ್ಟು ಮೈದಾನ, ಎರಡು ಫುಟ್‌ಬಾಲ್, ಆಡಿಸುವ ಒಬ್ಬರು, ಇವು ಕೂಡ ಈ ಚಿಕಿತ್ಸೆಯ ಪಟ್ಟಿಗೆ ಸೇರಿದ ಸಾಮಾನುಗಳೇ.

ಈ ಪತ್ರ ಓದುವ ಮನೆಗಳಲ್ಲಿ ಯಾರಿಗಾದರೂ ಈಗಲೇ ನೆರವು ಬೇಕಿದ್ದರೆ ಟೆಲಿ-ಮನಸ್ 14416ಕ್ಕೆ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.

ಮಾನ್ಯ ಜಿಲ್ಲಾಧಿಕಾರಿಗಳೇ, ಮುಂಗಡ ಹಣದ ಆದೇಶ, ಮಳೆ ರಜೆಯ ನಿಯಮ, 64ಎ ಸುತ್ತೋಲೆ, ಬೆಳಿಗ್ಗೆ 7ಕ್ಕೆ ತೆರೆಯುವ ಎರಡು ಕೋಣೆ: ಇಷ್ಟನ್ನು ನೀವು ಕೊಟ್ಟರೆ ಉಳಿದದ್ದನ್ನು ನಮ್ಮಂಥವರು ಕೂತು ಮಾಡಿಕೊಡುತ್ತೇವೆ. ಕೇಂದ್ರದ ರಿಜಿಸ್ಟರಿನಲ್ಲಿ ಎರಡು ಕಾಲಂ ತಪ್ಪದೆ ಹಾಕಿಸಿ: ಫಲಿತಾಂಶ ಓದಿದ ಹೊತ್ತು, ಕೂಪನ್ ಕೊಟ್ಟ ಹೊತ್ತು. ಇವೆರಡರ ನಡುವೆ 15 ನಿಮಿಷಕ್ಕಿಂತ ಹೆಚ್ಚಾದ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಕಾರಣ ಬರೆಸಿ, ತಿಂಗಳಿಗೊಮ್ಮೆ ನಿಮ್ಮ ಮುಂದಿಡಲು ಹೇಳಿ.

ಇಂತಿ,
ವ್ಯಸನ ಚಿಕಿತ್ಸೆಯಲ್ಲಿ ದುಡಿಯುತ್ತಿರುವ ಕೊಡಗಿನ ಕೆಲವರು